ತೈಲಬಾವಿಯ ಷೇರುಗಳೂ ತೇಜಿ-ಮಂದಿಯ ನ್ಯಾಯವೂ

ಮುಂಬಯಿಯಿಂದ ಚೆನ್ನೈಗೆ ಹೋಗುವ ಹಳೆಯ ರೈಲುಹಾದಿಯಲ್ಲಿ, ಯಾದಗಿರಿಗೂ ಕೃಷ್ಣಾ ನದಿಗೂ ನಡುವೆ ಇರುವ ಸೈದಾಪುರವು ಅಳತೆಯಲ್ಲಿ ಚಿಕ್ಕದಾದರೂ ವ್ಯವಹಾರದಲ್ಲಿ ಪೇಟೆಯೆನಿಸಿಕೊಂಡ ಊರು. 1871ರಲ್ಲಿ ಆ ಹಳಿಯು ರಾಯಚೂರಿನಲ್ಲಿ ಮದರಾಸಿನ ಹಳಿಯೊಡನೆ ಕೂಡಿಕೊಂಡಂದಿನಿಂದ ಈ ಸೀಮೆಯ ಹತ್ತಿ, ತೊಗರಿ, ಶೇಂಗಾಗಳಿಗೆ ದೂರದ ಪೇಟೆಗಳ ಬಾಗಿಲು ತೆರೆಯಿತು. ದೂರದ ಪೇಟೆಗಳ ಏರಿಳಿತವೂ ಅದೇ ಬಾಗಿಲಿನಿಂದ ಒಳಗೆ ಬಂದಿತು. ಧಾರಣೆಯನ್ನು ಪಂಚಾಂಗದಷ್ಟೇ ಶ್ರದ್ಧೆಯಿಂದ ನೋಡುವ ಜನ ಇಲ್ಲಿನವರು. ಇಂತಹ ಊರಿನ ಉಳಿತಾಯವು ಹಿಂದೆ ಭೂಮಿಗೂ ಬಂಗಾರಕ್ಕೂ ಹೋಗುತ್ತಿತ್ತು. ಈಗ ಅದರ ಒಂದು ಪಾಲು ಅಂಗೈಯೊಳಗಿನ ದೂರವಾಣಿಯ ಮೂಲಕ ಮುಂಬಯಿಯ ಷೇರುಪೇಟೆಯನ್ನು ಸೇರುತ್ತಲಿದೆ. ಸಮೀಪದ ಕಡೇಚೂರು-ಬಾಡಿಯಾಳ ಕೈಗಾರಿಕಾ ಪ್ರದೇಶಕ್ಕಾಗಿ ಸಾವಿರಾರು ಎಕರೆ ಸ್ವಾಧೀನವಾದ ಮೇಲೆ, ಹೊಲವು ಹಣವಾಗಿ ಮಾರ್ಪಟ್ಟ ಕುಟುಂಬಗಳೂ ಸುತ್ತಲಿನ ಗ್ರಾಮಗಳಲ್ಲಿವೆ. ಹೊಲವು ಬರಗಾಲದಲ್ಲಿಯೂ ಇದ್ದಲ್ಲಿಯೇ ಇರುತ್ತದೆ. ಹಣಕ್ಕೆ ಆ ಗುಣವಿಲ್ಲ. ಆದುದರಿಂದ ಅದು ಎಲ್ಲಿ ಹೋಗುತ್ತಿದೆ, ಎಂದು ಹಿಂದಿರುಗಬೇಕು ಎಂಬ ವಿಚಾರವು ಕೇವಲ ಹಣವಂತರ ವಿನೋದವಲ್ಲ. ಅದು ಮನೆತನಗಳ ಅಳಿವು-ಉಳಿವಿನ ಪ್ರಶ್ನೆ.

ಕಚ್ಚಾ ತೈಲದ ಬೆಲೆ ಏರಿದಾಗಲೆಲ್ಲ ತೈಲಬಾವಿ ಕೊರೆಯುವ ಕಂಪೆನಿಗಳ ಷೇರುಗಳ ಮೇಲೆ ಜನರ ಕಣ್ಣು ಬೀಳುತ್ತದೆ. ಕೊಳ್ಳಿರೆಂದು ಹೇಳುವವರು ಆಗ ಬೀದಿಬೀದಿಗೂ ಸಿಕ್ಕುತ್ತಾರೆ. ಮಾರಿರೆಂದು ಹೇಳುವವನು ಮಾತ್ರ ಒಬ್ಬನೂ ಸಿಕ್ಕುವುದಿಲ್ಲ. ಈ ಜಾತಿಯ ಷೇರುಗಳಲ್ಲಿ ಕೊಳ್ಳುವ ಜಾಣತನಕ್ಕಿಂತ ಮಾರುವ ವಿವೇಕವೇ ಹೆಚ್ಚಿನದೆಂಬುದು ನಮ್ಮ ಅಭಿಪ್ರಾಯ. ಆ ವಿವೇಕಕ್ಕೆ ಬೇಕಾದ ವಿದ್ಯೆಯು ಸೈದಾಪುರದ ಅಡತಿ ಅಂಗಡಿಗಳಲ್ಲಿ ಮೊದಲಿನಿಂದಲೂ ಇದೆ. ಷೇರುಪೇಟೆಗೆ ಹೋಗುವಾಗ ಅದನ್ನು ಮನೆಯಲ್ಲಿಯೇ ಬಿಟ್ಟುಹೋಗುತ್ತೇವೆಂಬುದೇ ದುಃಖದ ಸಂಗತಿ.

ಮೊದಲು ಈ ಉದ್ಯೋಗದ ಸ್ವರೂಪವನ್ನು ಅರಿಯಬೇಕು. ಎಣ್ಣೆ ತೆಗೆದು ಮಾರುವ ಕಂಪೆನಿಯೇ ಬೇರೆ, ಬಾವಿ ಕೊರೆದುಕೊಡುವ ಕಂಪೆನಿಯೇ ಬೇರೆ. ನಮ್ಮ ಹೊಲಗಳಿಗೆ ತಮಿಳುನಾಡಿನ ತಿರುಚೆಂಗೋಡಿನ ಕಡೆಯಿಂದ ಬರುವ ಬೋರ್‌ವೆಲ್ ಲಾರಿಯನ್ನು ನೋಡದವರು ಯಾರು? ನೀರು ಬೀಳಲಿ ಬೀಳದಿರಲಿ, ಕೊರೆದಷ್ಟು ಅಡಿಗೆ ಲಾರಿಯವನ ಕೂಲಿ ತಪ್ಪದು. ಸಮುದ್ರದಲ್ಲಿ ಎಣ್ಣೆಗಾಗಿ ಕೊರೆಯುವವನ ವ್ಯವಹಾರವೂ ಇದರಂತೆಯೇ. ಅವನ ಕೂಲಿಯು ಅಡಿಯ ಲೆಕ್ಕದಲ್ಲಿರದೆ ದಿನದ ಲೆಕ್ಕದಲ್ಲಿರುತ್ತದೆ, ಅಷ್ಟೇ. ಆಳಸಮುದ್ರದ ಒಂದು ಉತ್ತಮ ಕೊರೆಯುವ ನೌಕೆಗೆ 2013ರ ಸುಮಾರಿನಲ್ಲಿ ದಿನವೊಂದಕ್ಕೆ 6 ಲಕ್ಷ ಡಾಲರುಗಳವರೆಗೆ ಬಾಡಿಗೆ ದೊರೆಯುತ್ತಿತ್ತು. ಅಂತಹ ನೌಕೆಯನ್ನು ಕಟ್ಟಿಸಲು ತಗಲುವ ವೆಚ್ಚವೂ 60 ಕೋಟಿ ಡಾಲರಿನ ಆಸುಪಾಸಿನದು. ಬಹುಪಾಲು ಸಾಲದ ಹಣ. ಬರಗಾಲದಲ್ಲಿ ಬೋರ್‌ವೆಲ್‌ಗೆ ಬೇಡಿಕೆ ಹೆಚ್ಚಿದಾಗ ಒಬ್ಬನ ಲಾಭವನ್ನು ಕಂಡು ಹತ್ತು ಜನ ಸಾಲ ತೆಗೆದು ಲಾರಿ ಕೊಳ್ಳುತ್ತಾರೆ. ಮಳೆ ಬಂದ ವರ್ಷ ಲಾರಿಗಳು ಸಾಲಾಗಿ ನಿಲ್ಲುತ್ತವೆ, ಕಂತು ಮಾತ್ರ ನಿಲ್ಲುವುದಿಲ್ಲ. ಪೃಥ್ವಿಯ ಎಲ್ಲ ತೈಲನೌಕೆಗಳ ಕಥೆಯೂ ಇಷ್ಟರಲ್ಲಿಯೇ ಅಡಗಿದೆ.

ಇದೇ ನ್ಯಾಯವು ತೊಗರಿಯ ಬೆಳೆಯಲ್ಲಿ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. 2015ರಲ್ಲಿ ಮಳೆ ಕೈಕೊಟ್ಟು, ತೊಗರಿಬೇಳೆಯು ಕಿಲೋ ಒಂದಕ್ಕೆ 200 ರೂಪಾಯಿಯ ಹತ್ತಿರ ಹೋದುದನ್ನು ಎಲ್ಲರೂ ಬಲ್ಲರು. ಕಲಬುರಗಿಯ ಪೇಟೆಯಲ್ಲಿ ಕಾಳಿನ ಧಾರಣೆಯು ಕ್ವಿಂಟಲಿಗೆ 10,000 ರೂಪಾಯಿ ದಾಟಿತು. ಮರುವರ್ಷ ಕಂಡಕಂಡ ಹೊಲವೆಲ್ಲ ತೊಗರಿಯಾಯಿತು; ಮಳೆಯೂ ಕೂಡಿಬಂದಿತು. ದೇಶದ ಒಟ್ಟು ಬೆಳೆಯು 2015-16ರಲ್ಲಿ ಸುಮಾರು 25.6 ಲಕ್ಷ ಟನ್ ಇದ್ದದ್ದು 2016-17ರಲ್ಲಿ 48.7 ಲಕ್ಷ ಟನ್ನಿಗೆ ಹಾರಿತು. ಸರಕಾರವು 5,050 ರೂಪಾಯಿಯ ಬೆಂಬಲ ಬೆಲೆಯನ್ನು ಸಾರಿದ್ದರೂ ಪೇಟೆಯ ಧಾರಣೆಯು ಅದಕ್ಕಿಂತ ಎಷ್ಟೋ ಕೆಳಗೆ ಕುಸಿಯಿತು. 2023ರ ಹೊತ್ತಿಗೆ ಧಾರಣೆಯು ಮತ್ತೆ 10,000 ದಾಟಿತು. 2025ರ ಆರಂಭದಲ್ಲಿ 7,550 ರೂಪಾಯಿಯ ಬೆಂಬಲ ಬೆಲೆಯ ಮಟ್ಟಕ್ಕೆ ಮತ್ತೆ ಇಳಿಯಿತು. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಧಾರಣೆಯನ್ನು ಕೆಡವಿದ್ದು ಯಾವ ಶತ್ರುವೂ ಅಲ್ಲ. ಹಿಂದಿನ ಏರಿದ ಧಾರಣೆಯೇ. ಹೆಚ್ಚಿದ ಬೆಲೆಯು ಹೆಚ್ಚಿನ ಬಿತ್ತನೆಯನ್ನು ಕರೆಯಿತು, ಹೆಚ್ಚಿನ ಬಿತ್ತನೆಯು ಬೆಲೆಯನ್ನು ನುಂಗಿತು. ತೇಜಿಯ ಹೊಟ್ಟೆಯಲ್ಲಿಯೇ ಮಂದಿಯು ಬೆಳೆಯುತ್ತದೆ.

ತೊಗರಿಯು ಬಿತ್ತಿದ ಐದಾರು ತಿಂಗಳಲ್ಲಿ ಕೈಗೆ ಬರುತ್ತದೆ. ಆದ್ದರಿಂದ ಅದರ ಚಕ್ರವು ಬೇಗ ತಿರುಗುತ್ತದೆ. ಕೊರಿಯಾ, ಸಿಂಗಪುರಗಳ ಕಟ್ಟೆಗಳಲ್ಲಿ ಕೊರೆಯುವ ನೌಕೆಯೊಂದು ಸಿದ್ಧವಾಗಲು ಎರಡು ಮೂರು ವರ್ಷಗಳೇ ಬೇಕು. ಸಿದ್ಧವಾದ ಮೇಲೆ ಅದು ಇಪ್ಪತ್ತೈದು ವರ್ಷ ಬಾಳುವ ವಸ್ತು. ಆದುದರಿಂದ ಈ ಉದ್ಯೋಗದ ತೇಜಿಯು ದೀರ್ಘವಾಗಿ, ಶಾಶ್ವತವೇನೋ ಎಂಬ ಭ್ರಮೆಯನ್ನು ಹುಟ್ಟಿಸುತ್ತದೆ. ಮಂದಿಯೂ ಅಷ್ಟೇ ದೀರ್ಘವಾಗಿ, ಇನ್ನು ಏಳಲಾರದೇನೋ ಎಂಬ ನಿರಾಶೆಯನ್ನು ತರುತ್ತದೆ. ಇತಿಹಾಸವು ಇದಕ್ಕೆ ಸಾಕ್ಷಿಯಾಗಿದೆ. 1979ರಲ್ಲಿ ಇರಾನದ ಕ್ರಾಂತಿಯ ತರುವಾಯ ಕಚ್ಚಾ ತೈಲವು ಪೀಪಾಯಿಗೆ 30 ಡಾಲರನ್ನು ದಾಟಿದಾಗ, ಅಮೇರಿಕದಲ್ಲಿ ಕೆಲಸದಲ್ಲಿದ್ದ ಕೊರೆಯುವ ಯಂತ್ರಗಳ ಸಂಖ್ಯೆಯು ಏರುತ್ತ ಹೋಗಿ 1981ರ ಡಿಸೆಂಬರಿನಲ್ಲಿ 4,530ನ್ನು ಮುಟ್ಟಿತು. 1986ರಲ್ಲಿ ತೈಲವು 10 ಡಾಲರಿನ ಸಮೀಪಕ್ಕೆ ಬಿದ್ದಾಗ ಆ ಸಂಖ್ಯೆಯು ಏಳುನೂರಕ್ಕಿಂತ ಕೆಳಗಿಳಿಯಿತು. 2008ರ ಜುಲೈ ತಿಂಗಳಲ್ಲಿ 147 ಡಾಲರು ಕಂಡ ತೈಲವು ಅದೇ ಡಿಸೆಂಬರಿನಲ್ಲಿ 40ಕ್ಕಿಂತ ಕೆಳಗಿತ್ತು. 2011ರಿಂದ 2014ರ ಮಧ್ಯದವರೆಗೆ ನೂರು ಡಾಲರಿನ ಮೇಲೆಯೇ ನಿಂತ ಬೆಲೆಯು, 2014ರ ನವೆಂಬರ್ 27ರಂದು ವಿಯೆನ್ನಾದಲ್ಲಿ ಸೇರಿದ ತೈಲ ರಾಷ್ಟ್ರಗಳ ಕೂಟವು ಉತ್ಪಾದನೆಯನ್ನು ಕಡಮೆ ಮಾಡಲೊಪ್ಪದಿದ್ದ ಮೇಲೆ, 2016ರ ಜನವರಿಯ ಹೊತ್ತಿಗೆ 30 ಡಾಲರಿಗಿಂತ ಕೆಳಕ್ಕೆ ಬಂದಿತು. 2014ರ ಸೆಪ್ಟೆಂಬರಿನಲ್ಲಿ ಅಮೇರಿಕದಲ್ಲಿ 1,900ಕ್ಕೂ ಮಿಕ್ಕು ಯಂತ್ರಗಳು ಕೊರೆಯುತ್ತಿದ್ದರೆ, 2016ರ ಮೇ ತಿಂಗಳಲ್ಲಿ ಉಳಿದವು 404 ಮಾತ್ರ. ತೇಜಿಯ ಕಾಲದಲ್ಲಿ ಕಟ್ಟಲು ಹೇಳಿದ ನೌಕೆಗಳು ಮಂದಿಯ ಕಾಲದಲ್ಲಿ ಸಿದ್ಧವಾಗಿ, ಕೊಂಡೊಯ್ಯುವವರಿಲ್ಲದೆ ಕಟ್ಟೆಗಳಲ್ಲಿಯೇ ನಿಂತವು.

ಪರದೇಶದ ಮಾತು ನಮಗೇಕೆಂದು ಕೆಲವರು ಕೇಳಬಹುದು. ನಮ್ಮ ದೇಶದಲ್ಲಿಯೇ ನಿದರ್ಶನವಿದೆ. 1986ರಲ್ಲಿ ಸ್ಥಾಪಿತವಾದ ಚೆನ್ನೈಯ ಅಬಾನ್ ಆಫ್‌ಷೋರ್ ಕಂಪೆನಿಯು ಈ ಉದ್ಯೋಗದಲ್ಲಿ ಭಾರತೀಯರು ಜಗತ್ತಿನ ದೊಡ್ಡವರ ಸಾಲಿನಲ್ಲಿ ನಿಲ್ಲಬಲ್ಲರೆಂಬುದನ್ನು ತೋರಿಸಿತು. ಆ ಸಾಹಸಕ್ಕೆ ಗೌರವ ಸಲ್ಲತಕ್ಕದ್ದೇ. 2006ರಲ್ಲಿ ಅದು ನಾರ್ವೆಯ ಸಿನ್‌ವೆಸ್ಟ್ ಎಂಬ ಕಂಪೆನಿಯನ್ನು ಭಾರಿ ಸಾಲದ ಬಲದಿಂದ ಕೊಂಡುಕೊಂಡಿತು. ತೇಜಿಯು ಮುಂದುವರಿಯಿತು, 2008ರ ಆದಿಯಲ್ಲಿ ಅದರ ಒಂದು ಷೇರು 5,000 ರೂಪಾಯಿಗಳನ್ನು ದಾಟಿತು. ಆಮೇಲೆ ಜಗತ್ತಿನ ಹಣಕಾಸಿನ ಬಿಕ್ಕಟ್ಟು ಬಂದಿತು. 2010ರ ಮೇ ತಿಂಗಳಲ್ಲಿ ಅದರ ಅಬಾನ್ ಪರ್ಲ್ ಎಂಬ ರಿಗ್ಗು ವೆನಿಜುವೆಲಾದ ಕಡಲಿನಲ್ಲಿ ಮುಳುಗಿತು. ದೈವವಶಾತ್ ಅದರಲ್ಲಿದ್ದ ಜನರೆಲ್ಲರೂ ಬದುಕಿಕೊಂಡರು. 2014ರ ಮಂದಿಯಲ್ಲಿ ಬಾಡಿಗೆಗಳು ಕುಸಿದವು, ಸಾಲವು ಉಳಿಯಿತು. 2020ರಲ್ಲಿ ಆ ಷೇರಿನ ಬೆಲೆಯು ನೂರು ರೂಪಾಯಿಗಿಂತಲೂ ಎಷ್ಟೋ ಕಡಮೆಯಾಗಿದ್ದಿತು. ಪಾಶ್ಚಾತ್ಯರ ಗತಿಯೂ ಇದಕ್ಕಿಂತ ಉತ್ತಮವಾಗಿರಲಿಲ್ಲ: ಡೈಮಂಡ್, ನೋಬಲ್, ವಲಾರಿಸ್ ಎಂಬ ಹೆಸರಾಂತ ಕೊರೆತದ ಕಂಪೆನಿಗಳು 2020ರ ಒಂದೇ ವರ್ಷದಲ್ಲಿ ನ್ಯಾಯಾಲಯದ ಮುಂದೆ ದಿವಾಳಿಯ ಅರ್ಜಿ ಹಾಕಿದವು. ಸಾಲ ಕೊಟ್ಟವರು ಕಂಪೆನಿಯ ಒಡೆಯರಾದರು. ಹಳೆಯ ಷೇರುದಾರರ ಕೈಗೆ ಉಳಿದದ್ದು ಅತ್ಯಲ್ಪ. ಮುಂದೆ ಬೆಲೆ ಏರಿದರೂ ಅದರ ಫಲವು ತಾಳ್ಮೆಯಿಂದ ಕಾದ ಅವರಿಗೆ ದಕ್ಕಲಿಲ್ಲ. ಕಾದರೆ ಎಲ್ಲವೂ ಸರಿಹೋಗುವುದೆಂಬ ನಮ್ಮ ಜನರ ನಂಬಿಕೆಯು ಭೂಮಿಯ ವಿಷಯದಲ್ಲಿ ಸರಿಯಾಗಿರಬಹುದು; ಸಾಲದಲ್ಲಿ ಮುಳುಗಿದ ಕಂಪೆನಿಯ ವಿಷಯದಲ್ಲಿ ಅದು ಘಾತುಕ.

ಇಷ್ಟೆಲ್ಲ ಕಣ್ಣೆದುರಿಗಿದ್ದರೂ ತಿಳಿದವರೇ ಏಕೆ ಮೋಸಹೋಗುತ್ತಾರೆ? ಅದಕ್ಕೆ ಕಾರಣವು ಲೆಕ್ಕದಲ್ಲಿಯೇ ಅಡಗಿದೆ. ಷೇರು ಅಗ್ಗವೋ ತುಟ್ಟಿಯೋ ಎಂದು ನೋಡಲು ಅದರ ಬೆಲೆಯನ್ನು ಒಂದು ಷೇರಿಗೆ ಬಂದ ವಾರ್ಷಿಕ ಲಾಭದಿಂದ ಭಾಗಿಸುವುದು ವಾಡಿಕೆ. ಸಾಬೂನು, ಔಷಧಿಗಳನ್ನು ಮಾಡುವ ಕಂಪೆನಿಗೆ ಈ ಅಳತೆಯು ತಕ್ಕಮಟ್ಟಿಗೆ ಒಪ್ಪುತ್ತದೆ. ಕೊರೆತದ ಕಂಪೆನಿಗೆ ಇದು ತಲೆಕೆಳಗಾಗುತ್ತದೆ. ಒಂದು ಕಲ್ಪಿತ ಉದಾಹರಣೆಯನ್ನು ನೋಡೋಣ. ತೇಜಿಯ ತುದಿಯಲ್ಲಿ ಷೇರಿನ ಬೆಲೆ 600 ರೂಪಾಯಿ, ಲಾಭ 100 ರೂಪಾಯಿ; ಆರು ವರ್ಷದ ಲಾಭಕ್ಕೆ ಷೇರು ದೊರೆಯುತ್ತಿದೆ, ಇದಕ್ಕಿಂತ ಅಗ್ಗವುಂಟೇ ಎನಿಸುತ್ತದೆ. ಮೂರು ವರ್ಷಗಳ ಬಳಿಕ ಬಾಡಿಗೆಗಳು ಬಿದ್ದು ಲಾಭವು 5 ರೂಪಾಯಿಗೆ ಇಳಿದಿದೆ, ಬೆಲೆಯು 120. ಇಪ್ಪತ್ತನಾಲ್ಕು ವರ್ಷದ ಲಾಭವೆಂದು ಲೆಕ್ಕ ಹೇಳುತ್ತದೆ, ತುಟ್ಟಿಯೆಂದು ಜನ ದೂರ ಸರಿಯುತ್ತಾರೆ. ಅಗ್ಗವೆಂದಾಗ ಕೊಂಡು ತುಟ್ಟಿಯೆಂದಾಗ ಮಾರಿದವನು ನಾಲ್ಕು ಪಾಲು ಬಂಡವಾಳವನ್ನು ಕಳೆದುಕೊಂಡು ಒಂದು ಪಾಲನ್ನು ಉಳಿಸಿಕೊಂಡನು. ತೊಗರಿಗೆ 10,000 ಬಂದ ವರ್ಷದ ಆದಾಯವನ್ನೇ ಪ್ರತಿವರ್ಷದ ಆದಾಯವೆಂದು ಲೆಕ್ಕಹಾಕಿ ಹೊಲಕ್ಕೆ ಬೆಲೆ ಕಟ್ಟುವ ಒಕ್ಕಲಿಗನು ಸೈದಾಪುರದಲ್ಲಿ ಇಲ್ಲ. ಷೇರಿಗೂ ಹತ್ತು ವರ್ಷದ ಸರಾಸರಿ ಲಾಭವನ್ನೇ ಹಿಡಿಯತಕ್ಕದ್ದು. ಒಂದು ವರ್ಷದ ಸುಗ್ಗಿಯನ್ನಲ್ಲ.

ಹಾಗಾದರೆ ಮಾರುವ ಕಾಲವನ್ನು ಗುರುತಿಸುವುದು ಹೇಗೆ? ತುದಿಯ ದಿನವನ್ನು ಹೇಳಬಲ್ಲ ಜ್ಯೋತಿಷಿಯು ಇನ್ನೂ ಹುಟ್ಟಿಲ್ಲ. ಆದರೆ ಸುಗ್ಗಿಯು ಮುಗಿಯುತ್ತ ಬಂದಿತೆಂಬುದನ್ನು ತಿಳಿಸುವ ಗುರುತುಗಳಿವೆ. ಮೊದಲನೆಯದು, ಹೊಸ ನೌಕೆಗಳ ಬೇಡಿಕೆ. ಷೇರಿನ ಬೆಲೆಯನ್ನು ದಿನಕ್ಕೆ ಹತ್ತು ಬಾರಿ ನೋಡುವ ಬದಲು, ಕಟ್ಟೆಗಳಲ್ಲಿ ಎಷ್ಟು ರಿಗ್ಗುಗಳು ಕಟ್ಟಲ್ಪಡುತ್ತಿವೆಯೆಂಬುದನ್ನು ವರ್ಷಕ್ಕೆ ನಾಲ್ಕು ಬಾರಿ ನೋಡಿದರೆ ಸಾಕು. ಪಕ್ಕದ ಹೊಲದವರೆಲ್ಲ ತೊಗರಿಯ ಬೀಜಕ್ಕಾಗಿ ಸಾಲುಗಟ್ಟಿ ನಿಂತುದನ್ನು ಕಂಡ ರೈತನು ಬರಲಿರುವ ಧಾರಣೆಯನ್ನು ಊಹಿಸಬಲ್ಲನು. ಎರಡನೆಯದು, ಸಾಲ ಮತ್ತು ಸ್ವಾಧೀನ. ಒಂದು ಕಂಪೆನಿಯು ಮತ್ತೊಂದನ್ನು ಸಾಲ ಮಾಡಿ ಬಾಯಿಗೆ ಬಂದ ಬೆಲೆಗೆ ಕೊಳ್ಳತೊಡಗಿದರೆ, ಹೊಸ ಷೇರುಗಳನ್ನು ಜನರಿಗೆ ಮಾರತೊಡಗಿದರೆ, ಒಡೆಯರೇ ಇಂದಿನ ಬೆಲೆಯನ್ನು ಮಾರಲು ಯೋಗ್ಯವಾದುದೆಂದು ಬಗೆದಿದ್ದಾರೆಂದು ತಿಳಿಯಬೇಕು. ಮೂರನೆಯದು, ಗಿರಾಕಿಯ ಕೈ. 2020ರ ಬಳಿಕ ಹೊಸ ನೌಕೆಗಳನ್ನು ಕಟ್ಟಿಸಿದವರು ವಿರಳ. ಹಳೆಯವು ಎಷ್ಟೋ ಗುಜರಿಗೆ ಹೋದವು. ಆದಕಾರಣ ಬಾಡಿಗೆಗಳು ಮತ್ತೆ ಏರಿ ದಿನಕ್ಕೆ 4 ಲಕ್ಷ ಡಾಲರನ್ನು ದಾಟಿದವು. ಆದರೂ 2024ರಲ್ಲಿ ಸೌದಿ ಅರಾಮ್ಕೊ ಎಂಬ ಒಂದೇ ಗಿರಾಕಿಯು ಇಪ್ಪತ್ತಕ್ಕೂ ಹೆಚ್ಚು ಕಡಲ ರಿಗ್ಗುಗಳ ಕೆಲಸವನ್ನು ತಡೆದು ನಿಲ್ಲಿಸಿದೊಡನೆ ಪೇಟೆಯು ತತ್ತರಿಸಿತು. ಬಿತ್ತನೆ ಹೆಚ್ಚದಿದ್ದರೂ ಕೊಳ್ಳುವವನು ಕೈ ಹಿಂದೆಗೆದರೆ ಧಾರಣೆಯು ನಿಲ್ಲದು. ನಾಲ್ಕನೆಯ ಗುರುತು ಎಲ್ಲಕ್ಕಿಂತ ಸುಲಭವಾದುದು: ತೈಲದ ಷೇರುಗಳ ಮಾತನ್ನು ಎಂದೂ ಆಡದವರು ಚಹದ ಅಂಗಡಿಯಲ್ಲಿ ಅದನ್ನೇ ಆಡತೊಡಗಿದರೆ, ಕೊಳ್ಳತಕ್ಕವರೆಲ್ಲರೂ ಕೊಂಡಾಯಿತೆಂದು ಅರ್ಥ.

ನಮ್ಮ ಮಾತಿಗೆ ಒಂದು ಬಲವಾದ ಆಕ್ಷೇಪವುಂಟು. 2005ರಲ್ಲಿಯೇ ಇಂತಹ ಗುರುತುಗಳನ್ನು ಕಂಡು ಮಾರಿದವನು ಮುಂದಿನ ಮೂರು ವರ್ಷಗಳ ಏರಿಕೆಯನ್ನು ಕೈಬಿಟ್ಟನಲ್ಲವೇ ಎಂದು ಕೇಳುವವರಿದ್ದಾರೆ. ಕೇಳತಕ್ಕದ್ದೇ. ಕೊರತೆಯೆಂದು ತೋರಿದುದು ಇನ್ನೂ ಎರಡು ವರ್ಷ ಬೆಳೆಯಬಹುದು; ಯುದ್ಧವೊಂದು ಬಂದು ಬೆಲೆಯನ್ನು ಎತ್ತಬಹುದು. 2022ರ ಮಾರ್ಚಿನಲ್ಲಿ ಯುಕ್ರೇನಿನ ಯುದ್ಧದ ಮೊದಲ ದಿನಗಳಲ್ಲಿ ತೈಲವು ಒಂದು ಗಳಿಗೆ 139 ಡಾಲರನ್ನು ಕಂಡಿತ್ತು. ಇದಕ್ಕೆ ಪರಿಹಾರವನ್ನೂ ನಮ್ಮ ರೈತನೇ ಕಲಿಸಿಕೊಟ್ಟಿದ್ದಾನೆ. ರಾಶಿಯಾದೊಡನೆ ಸಾಲಕ್ಕೂ ಮನೆಯ ಖರ್ಚಿಗೂ ಬೇಕಾದಷ್ಟನ್ನು ಮಾರುತ್ತಾನೆ. ಒಂದಷ್ಟನ್ನು ಸಂಕ್ರಾಂತಿಯ ಆಚೆಗೆ ಇಡುತ್ತಾನೆ. ಉಳಿದುದನ್ನು ಯುಗಾದಿಯವರೆಗೆ ಕಾಯುತ್ತಾನೆ. ಯಾವ ಧಾರಣೆಯೂ ಅವನನ್ನು ಪೂರ್ತಿ ಹಾಳುಮಾಡಲಾರದು. ಷೇರುದಾರನೂ ಹಾಗೆಯೇ ಮಾಡತಕ್ಕದ್ದು. ಹಾಕಿದ ಬಂಡವಾಳವು ಎರಡರಷ್ಟಾದಾಗ ಅರ್ಧವನ್ನು ಮಾರಿದರೆ ಮೂಲಧನವು ಮನೆಗೆ ಬಂದಂತಾಯಿತು. ಮೇಲಿನ ಗುರುತುಗಳಲ್ಲಿ ಎರಡು ಕೂಡಿ ಕಾಣಿಸಿದಾಗ ಉಳಿದುದರಲ್ಲಿ ಮತ್ತರ್ಧ. ಕೊನೆಯ ಪಾಲಿನ ಲಾಭವನ್ನು ಕೊಳ್ಳುವವನಿಗೆ ಬಿಡಬೇಕು. ಅವನಿಗೂ ಒಂದಿಷ್ಟು ಆಸೆ ಉಳಿದಿದ್ದರೆ ತಾನೆ ಅವನು ಕೊಳ್ಳುವುದು?

ತೆರಿಗೆಯ ಭಯದಿಂದ ಮಾರಾಟವನ್ನು ಮುಂದೂಡುವವರಿಗೆ ಒಂದು ಮಾತು. 2024ರ ಜುಲೈ 23ರಿಂದ, ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡ ಷೇರಿನ ಲಾಭಕ್ಕೆ ನೂರಕ್ಕೆ ಹನ್ನೆರಡೂವರೆಯಂತೆ, ಅದಕ್ಕಿಂತ ಕಡಮೆ ಕಾಲದ ಲಾಭಕ್ಕೆ ನೂರಕ್ಕೆ ಇಪ್ಪತ್ತರಂತೆ ತೆರಿಗೆಯನ್ನು ವಿಧಿಸಲಾಗಿದೆ. ಮೊದಲನೆಯದರಲ್ಲಿ ವರ್ಷಕ್ಕೆ 1.25 ಲಕ್ಷ ರೂಪಾಯಿಗಳವರೆಗಿನ ಲಾಭಕ್ಕೆ ವಿನಾಯಿತಿಯೂ ಉಂಟು. ನೂರು ರೂಪಾಯಿ ಲಾಭದಲ್ಲಿ ಏಳೂವರೆ ರೂಪಾಯಿಯನ್ನು ಉಳಿಸಲು ಮಂದಿಯ ಬಾಗಿಲಿನಲ್ಲಿ ಕುಳಿತು ಕಾಯುವುದು ವಿವೇಕವಲ್ಲ. ತೆರಿಗೆಯು ಲಾಭದಲ್ಲಿ ಒಂದು ಪಾಲನ್ನು ಮಾತ್ರ ಕೇಳುತ್ತದೆ. ಮಂದಿಯು ಮೂಲವನ್ನೇ ಕೇಳುತ್ತದೆ.

ಸರಕಾರದ ಒಡೆತನದ ಓಎನ್‌ಜಿಸಿಯ ಷೇರಿಗೂ ಈ ನ್ಯಾಯವು ಅನ್ವಯಿಸುವುದೇ ಎಂದು ಕೇಳಬಹುದು. ಅದು ಕೊರೆಯುವ ಕೂಲಿಯವನಲ್ಲ, ಎಣ್ಣೆಯ ಒಡೆಯ. 1956ರಲ್ಲಿ ಹುಟ್ಟಿ, 1974ರಲ್ಲಿ ಸಾಗರ ಸಮ್ರಾಟ್ ಎಂಬ ರಿಗ್ಗಿನಿಂದ ಬಾಂಬೆ ಹೈ ನಿಕ್ಷೇಪವನ್ನು ಕಂಡು, 2003ರಲ್ಲಿ ನಮ್ಮ ಮಂಗಳೂರಿನ ಸಂಸ್ಕರಣಾಗಾರವನ್ನೂ ವಶಕ್ಕೆ ತೆಗೆದುಕೊಂಡ ಆ ಸಂಸ್ಥೆಯು ದೇಶದ ಸ್ವಾವಲಂಬನೆಗೆ ಮಾಡಿದ ಸೇವೆಯು ದೊಡ್ಡದು. ಕೊರೆತದ ಕಂಪೆನಿಯಂತೆ ಅದು ಒಮ್ಮೆಲೇ ದಿವಾಳಿಯಾಗುವ ಸಂಭವವಿಲ್ಲ. ಲಾಭಾಂಶವನ್ನೂ ಹಂಚುತ್ತ ಬಂದಿದೆ. ಆದರೆ ತೇಜಿಯ ಪೂರ್ಣ ಫಲವೂ ಅದರ ಷೇರುದಾರನಿಗೆ ಸಿಕ್ಕದು. 2022ರ ಜುಲೈ 1ರಿಂದ ಸರಕಾರವು ದೇಶದಲ್ಲಿ ತೆಗೆದ ಕಚ್ಚಾ ತೈಲದ ಟನ್ನಿಗೆ 23,250 ರೂಪಾಯಿಗಳ ವಿಶೇಷ ತೆರಿಗೆಯನ್ನು ಹಾಕಿ, ಅಕಸ್ಮಾತ್ತಾಗಿ ಬಂದ ಲಾಭವನ್ನು ಬೊಕ್ಕಸಕ್ಕೆ ತೆಗೆದುಕೊಂಡಿತು. ಅನಂತರ ಬೆಲೆಗೆ ತಕ್ಕಂತೆ ಏರಿಳಿದ ಆ ತೆರಿಗೆಯನ್ನು 2024ರ ಡಿಸೆಂಬರಿನಲ್ಲಿ ರದ್ದುಪಡಿಸಿತು. ಸಾರ್ವಜನಿಕ ಹಿತದಿಂದ ಇದು ನ್ಯಾಯವೇ ಇರಬಹುದು. ಷೇರು ಕೊಳ್ಳುವವನು ಮಾತ್ರ ಇದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡಿರಬೇಕು.

ಷೇರಿನ ಮಾತು ಇಂತಿರಲು, ವಾಯಿದೆಯ ವ್ಯಾಪಾರದ ವಿಷಯದಲ್ಲಿ ನಾವು ಕಠಿಣವಾಗಿಯೇ ಹೇಳಬೇಕಾಗಿದೆ. ಷೇರಿಗೆ ಹಾಕಿದ ಹಣವು ಹೆಚ್ಚೆಂದರೆ ಸೊನ್ನೆಯಾದೀತು. ವಾಯಿದೆಯು ಸೊನ್ನೆಯಲ್ಲಿಯೂ ನಿಲ್ಲುವುದಿಲ್ಲ. 2020ರ ಏಪ್ರಿಲ್ 20ರಂದು ಅಮೇರಿಕದಲ್ಲಿ ತೈಲವನ್ನು ಇಡಲು ಸ್ಥಳವಿಲ್ಲದೆ ವಾಯಿದೆಯ ಬೆಲೆಯು ಸೊನ್ನೆಗಿಂತ 37 ಡಾಲರು ಕೆಳಗಿಳಿದಾಗ, ಮುಂಬಯಿಯ ಎಂಸಿಎಕ್ಸ್ ಪೇಟೆಯು ಪೀಪಾಯಿಗೆ ಋಣ 2,884 ರೂಪಾಯಿಗಳಂತೆ ಲೆಕ್ಕ ಚುಕ್ತಾ ಮಾಡಿತು. ಇಷ್ಟು ಅಗ್ಗಕ್ಕೆ ತೈಲವೇ ಎಂದು ಕೊಂಡವರು ಸರಕನ್ನೂ ಕಾಣದೆ, ಹಣವನ್ನೂ ಕಳೆದುಕೊಂಡು, ಮೇಲೆ ಬಾಕಿದಾರರೂ ಆದರು. 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಷೇರುಗಳ ವಾಯಿದೆ ವ್ಯವಹಾರಕ್ಕಿಳಿದ ಸಾಮಾನ್ಯರಲ್ಲಿ ನೂರಕ್ಕೆ 93 ಜನ ನಷ್ಟವನ್ನೇ ಕಂಡರೆಂದು ಸೆಬಿಯು ತಾನೇ ಪ್ರಕಟಿಸಿದೆ. ಸಟ್ಟಾ ಆಡಿ ಮನೆ ಕಳೆದುಕೊಂಡವರ ಕಥೆಗಳು ಹತ್ತಿಯ ಪೇಟೆಗಳಿಗೆ ಹೊಸವಲ್ಲ. ಯಂತ್ರವು ಹೊಸದಾದ ಮಾತ್ರಕ್ಕೆ ಸಟ್ಟಾ ಬೇರೆಯಾಗದು.

ನಮ್ಮ ಜನರು ಷೇರುಪೇಟೆಯಿಂದ ದೂರವಿರಬೇಕೆಂಬುದು ನಮ್ಮ ಮತವಲ್ಲ. ದೇಶದ ಉದ್ಯೋಗಗಳಲ್ಲಿ ಯಾದಗಿರಿ ಸೀಮೆಯ ಸಾಮಾನ್ಯನಿಗೂ ಒಂದು ಪಾಲಿರುವುದು ಸಂತೋಷದ ವಿಷಯವೇ. ಆದರೆ ಚಕ್ರದಂತೆ ತಿರುಗುವ ಉದ್ಯೋಗದ ಷೇರನ್ನು ಮಗಳ ಮದುವೆಯ ಹಣದಿಂದಾಗಲಿ, ಸಾಲದ ಹಣದಿಂದಾಗಲಿ, ಹೊಲದ ಪರಿಹಾರದ ಇಡಿಗಂಟಿನಿಂದಾಗಲಿ ಕೊಳ್ಳಬಾರದು. ಕೊಳ್ಳುವ ದಿನವೇ, ಯಾವ ಗುರುತು ಕಂಡರೆ ಎಷ್ಟು ಮಾರುವೆನೆಂಬುದನ್ನು ಖಾತೆಪುಸ್ತಕದಲ್ಲಿ ಬರೆದಿಟ್ಟು, ಮನೆಯ ಇನ್ನೊಬ್ಬರಿಗೂ ತಿಳಿಸಿಡತಕ್ಕದ್ದು; ತೇಜಿಯ ಮದದಲ್ಲಿರುವಾಗ ಮಾಡುವ ವಿಚಾರಕ್ಕಿಂತ ತಣ್ಣಗಿರುವಾಗ ಬರೆದ ನಾಲ್ಕು ಸಾಲು ಮೇಲು. ಧಾರಣೆ ಏರಿದಾಗ ಹಿಗ್ಗದೆ, ಪಕ್ಕದವನು ಎಷ್ಟು ಬಿತ್ತಿದ್ದಾನೆಂದು ತಿರುಗಿ ನೋಡುವ ಅಭ್ಯಾಸವು ಈ ಸೀಮೆಯ ರೈತನಿಗೆ ಅನುಭವದಿಂದ ಬಂದಿದೆ. ಅದಕ್ಕಾಗಿ ಅವನು ತೆತ್ತಿರುವ ಬೆಲೆಯು ಸಣ್ಣದಲ್ಲ. ಸಮುದ್ರದಾಚೆಯ ತೈಲಬಾವಿಗಳ ಷೇರು ಕೊಳ್ಳುವ ವಿದ್ಯಾವಂತರು ಅದೇ ಬೆಲೆಯನ್ನು ಮತ್ತೊಮ್ಮೆ ತೆರುವುದು ಅನಾವಶ್ಯಕ.